ನಮ್ಮ ಹತ್ತಿಯಿಂದ ಬ್ಯಾಂಡೇಜ್ ಇಲ್ಲೇ ಮಾಡಿ

ಸಂಪಾದಕರೇ,

ಸೀಸನ್ ಬಂದರೆ ರಾಯಚೂರು ಎಪಿಎಂಸಿಯಲ್ಲಿ ಹತ್ತಿ ಗಾಡಿಗಳ ಸಾಲು. ಜಿನ್ನಿಂಗ್ ಆಗಿ, ಅಂದರೆ ಬೀಜ ಬೇರ್ಪಡಿಸಿ, ಬೇಲ್ ಕಟ್ಟಿ ಹೊರಗೆ ಕಳಿಸುತ್ತೇವೆ, ಅಷ್ಟೇ. ಗಾಯಕ್ಕೆ ಬೇಕಾದ ಹತ್ತಿ, ಪಟ್ಟಿ, ಚರ್ಮ ಒರೆಸುವ ಆಲ್ಕೋಹಾಲ್ ಸ್ವಾಬ್‌ ಇಲ್ಲೇ ಯಾಕೆ ಮಾಡಬಾರದು?

ಗಿಡದಿಂದ ಬಿಡಿಸಿದ ಹತ್ತಿ ನೀರು ಹೀರುವುದಿಲ್ಲ. ಎಳೆಯ ಮೇಲೆ ಮೇಣದಂಥ ಪದರ ಇರುತ್ತದೆ, ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಅದನ್ನು ತೆಗೆದು, ಬ್ಲೀಚ್ ಮಾಡಿ, ಚೆನ್ನಾಗಿ ತೊಳೆದ ಮೇಲೆ ರಕ್ತ, ಕೀವು ಹೀರುತ್ತದೆ. 1880ರಲ್ಲಿ ಬರ್ಮಿಂಗ್‌ಹ್ಯಾಮಿನ ಸರ್ಜನ್ ಗ್ಯಾಮ್ಜಿ ಇಂಥ ಹತ್ತಿಯನ್ನು ಗಾಜ್ ಎಂಬ ತೆಳುವಾದ ಜಾಳು ಬಟ್ಟೆಯ ನಡುವೆ ಇಟ್ಟು ಪಟ್ಟಿ ಮಾಡಿದರು. ಸ್ವಾಬ್‌ನಲ್ಲಿ ಸಾಮಾನ್ಯವಾಗಿ 70% ಆಲ್ಕೋಹಾಲ್, ಉಳಿದದ್ದು ನೀರು. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನಿಸುತ್ತದೆ ಅಲ್ವಾ? ಆದರೆ ನೀರಿಲ್ಲದೆ ಅದು ಕ್ರಿಮಿಗಳನ್ನು ಸರಿಯಾಗಿ ಕೊಲ್ಲುವುದಿಲ್ಲ.

ಇಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ರಿಮ್ಸ್ ವೈದ್ಯಕೀಯ ಕಾಲೇಜು ಇದೆ. ಇಬ್ಬರೂ ಕೂತು ಮಾತಾಡಲಿ. ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಬೆರಳು ಗೀರಿದರೆ ಒರೆಸಲು ಒಂದು ಸ್ವಾಬ್‌ ಮೊದಲು ಅವರಿಗೇ ಸಿಗಬೇಕು.

– ಒಬ್ಬ ಓದುಗ, ರಾಯಚೂರು