ಮಗಳೇ, ಬಿಳಿಗುಂಡ್ಲುವಿನಿಂದ ಲೆಕ್ಕ ಶುರು ಮಾಡಬೇಡ

ಮಗಳೇ,

ನಿನ್ನೆ ಫೋನಿನಲ್ಲಿ ಮಾತು ಜೋರಾಯ್ತು. ನೀನು ಅಳ್ತಾ ಫೋನ್ ಇಟ್ಟೆ ಅಂತ ನಿಮ್ಮವ್ವ ರಾತ್ರಿಯೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಬೇಜಾರು ಮಾಡ್ಕೋಬೇಡ ಕಣಮ್ಮ. ಆದರೆ "ಮಂಡ್ಯದವರು ಭತ್ತ, ಕಬ್ಬು ಬಿಟ್ಟರೆ ಕಾವೇರಿ ಜಗಳವೇ ಇರಲ್ಲ" ಅಂದೆಯಲ್ಲ, ಅದು ಇನ್ನೂ ಚುಚ್ಚುತ್ತಿದೆ.

2023ರಲ್ಲಿ ಮಳೆ ಕೈಕೊಟ್ಟಾಗ ನೀನು ಹಾಸ್ಟೆಲ್‌ನಲ್ಲಿದ್ದೆ. ಬಂದ್, ಹೆದ್ದಾರಿ ತಡೆ ಎಲ್ಲ ಟಿವಿಯಲ್ಲಿ ನೋಡಿದೆ, ಗದ್ದೆ ನೋಡಲಿಲ್ಲ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕಟ್ಟು ನೀರು, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸೋ ನೀರು, ಬಂದಾಗಲೂ ಮೇಲಿನ ತೂಬುಗಳನ್ನೆಲ್ಲ ದಾಟಿ ನಮ್ಮ ಹತ್ರ ಬರೋ ಹೊತ್ತಿಗೆ ಪಾದ ನೆನೆಯುವಷ್ಟೂ ಇರುತ್ತಿರಲಿಲ್ಲ. ತೆನೆ ಬಂದಿತ್ತು, ಹಾಲು ತುಂಬಬೇಕಿತ್ತು. ಗದ್ದೆಯ ಬಿರುಕಿಗೆ ಬೆರಳು ಪೂರ್ತಿ ಇಳಿಯುತ್ತಿತ್ತು. ಒಂದು ಕಾಳು ಉಗುರಲ್ಲಿ ಒತ್ತಿದೆ, ಜೊಳ್ಳು. ಪಕ್ಕದ್ದು ಒತ್ತಿದೆ, ಅದೂ ಜೊಳ್ಳು. ಬದುವಿನ ಮೇಲೆ ಕೂತು ಹೀಗೇ ಒತ್ತುತ್ತಾ ಹೋದೆ, ಎಲ್ಲೋ ಒಂದರಲ್ಲಾದರೂ ಹಾಲು ಸಿಗುತ್ತೆ ಅಂತ. ನಿಮ್ಮವ್ವ ಬಂದು ಎಬ್ಬಿಸಿಕೊಂಡು ಹೋದಳು. ಈಗಲೂ ಜೂನ್‌ನಲ್ಲಿ ಮೋಡ ಬರದಿದ್ದರೆ ನನಗೆ ನಿದ್ದೆ ಹತ್ತಲ್ಲ.

ರಾಗಿ ಹಾಕಿ ಅಂತೀಯ. ಮೇಲಿನ ಹೊಲಕ್ಕೆ ಹಾಕ್ತೀನಿ, ಸರಿ. ನಾಲೆ ಕೆಳಗಿನ ಜೌಗು ಗದ್ದೆಯಲ್ಲಿ ನೀರು ನಿಂತರೆ ರಾಗಿ ಬೇರು ಕೊಳೆಯುತ್ತೆ. ಇದೂ ನಿನ್ನ ರಿಪೋರ್ಟಿನಲ್ಲಿ ಬರಬೇಕು, ಅಲ್ವಾ?

ನೀನು ನೀರಿನ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿದೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದವನು ನಾನು. ಅದಕ್ಕೇ ಹೇಳ್ತೀನಿ, ತಮಿಳುನಾಡಿಗೆ ಹೋಗೋ ನೀರನ್ನ ಗಡಿಯಲ್ಲಿ ಅಳೆಯೋ ಆ ಬಿಳಿಗುಂಡ್ಲುವಿನಿಂದ ಲೆಕ್ಕ ಶುರು ಮಾಡಬೇಡ, ಹೊಳೆ ಹುಟ್ಟೋ ಕೊಡಗಿನಿಂದ ಮಾಡು. 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ 177.25 ಟಿಎಂಸಿ ಅಂತು, ಬೆಂಗಳೂರಿಗೆ ಅಂತಲೇ 4.75 ಟಿಎಂಸಿ ಜಾಸ್ತಿ ಕೊಟ್ಟಿತು. ಹಂಚೋದೇನೋ ಆಯ್ತು. ಮಳೆ ಕೈಕೊಟ್ಟ ವರ್ಷ ಹೇಗೆ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಅಲ್ಲಿ ಮೇಲೆ ಕೊಡಗಿನಲ್ಲಿ ಕಾಡು ಉಳಿದರೆ ತಾನೇ ಮಳೆ ನೀರು ಮಣ್ಣಿಗಿಳಿದು, ಮಳೆ ನಿಂತ ಮೇಲೂ ಹೊಳೆಗೆ ಬರೋದು? ಅದೇ 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡಗಳೇ ಜಾರಿ ಬಂದವು. ಪಶ್ಚಿಮ ಘಟ್ಟ ಉಳಿಸೋ ಬಗ್ಗೆ ಕಸ್ತೂರಿರಂಗನ್ ವರದಿ 2013ರಲ್ಲೇ ಬಂತು, ನಮ್ಮ ರಾಜ್ಯದ 20,668 ಚದರ ಕಿಲೋಮೀಟರ್ ಕಾಪಾಡಬೇಕು ಅಂತು. ಯಾವ ಪಕ್ಷದ ಸರ್ಕಾರ ಬಂದರೂ ಬೇಡ ಅಂತಲೇ ಹೇಳಿತು. ಅಲ್ಲಿನವರಿಗೆ ಮನೆ, ತೋಟದ ಭಯ ಇದೆ, ಅದು ಸುಳ್ಳಲ್ಲ. ಆ ಭಯ ಕಳೆಯೋದು ಸರ್ಕಾರದ ಕೆಲಸ. ನೀರಿಗಾಗಿ ಇಲ್ಲಿ ರಸ್ತೆಗಿಳಿಯೋ ನಾಯಕರು ಆ ಕಾಡಿಗಾಗಿ ಒಂದು ದಿನವೂ ಕೂತಿದ್ದು ನಾನು ನೋಡಿಲ್ಲ.

ಬೆಂಗಳೂರಿನ ನಿನ್ನ ರೂಮಿನ ನಲ್ಲಿಗೂ ನಮ್ಮ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದಲೇ ಕಾವೇರಿ ನೀರು ಪಂಪಿನಲ್ಲಿ ಹತ್ತಿ ಬರಬೇಕು. ನೀನು ಕುಡಿಯೋ ನೀರಿಗೆ ನಾನು ಲೆಕ್ಕ ಕೇಳ್ತಿಲ್ಲ ಕಣಮ್ಮ. ಸುಮ್ನೆ ಹೆದರಿಕೆ, ಅಷ್ಟೇ. ಹೊಳೆ ಬತ್ತಿದರೆ ನಿನಗೂ ಇಲ್ಲ, ನನಗೂ ಇಲ್ಲ.

ನಾಲೆಗೆ ನೀರು ಬಿಟ್ಟಾಗ ನಿನ್ನ ಆಫೀಸಿನವರನ್ನೂ ಕರ್ಕೊಂಡು ಬಾ. ಮೇಲಿನ ತೂಬಿನಿಂದ ನಮ್ಮ ಗದ್ದೆವರೆಗೂ ನಡೆಸ್ತೀನಿ. ಮೊದಲು ನಿಮ್ಮವ್ವನಿಗೆ ಫೋನ್ ಮಾಡು.

ನಿನ್ನ ಅಪ್ಪ