ಅಪ್‌ಲೋಡ್ ಮಾಡೋ ಮುಂಚೆ ಒಂದ್ಸಲ ಕಿವಿಗೆ ಹಾಕ್ಕೊಂಡು ನೋಡಿ

ಮಾನ್ಯ ಸಂಪಾದಕರೇ,

ನಾನು ಒಂದು ಪದವಿ ಕಾಲೇಜಿನ ಆಫೀಸಲ್ಲಿ ಕೆಲಸ ಮಾಡ್ತೀನಿ, ನೋಟಿಸ್ ಟೈಪ್ ಮಾಡೋದು, ಅದನ್ನ ಪಿಡಿಎಫ್ ಮಾಡಿ ವೆಬ್‌ಸೈಟಿಗೆ ಹಾಕೋದು ನನ್ನ ಟೇಬಲ್ಲಿಗೆ ಬರೋ ಕೆಲಸ. ಹೋದ ವರ್ಷ ಬಿಎ ಓದೋ ಒಬ್ಬ ಹುಡುಗಿ, ಅವಳಿಗೆ ಕಣ್ಣು ಕಾಣ್ಸಲ್ಲ, ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಅನ್ನೋ ಸಾಫ್ಟ್‌ವೇರ್ ಬಳಸ್ತಾಳೆ, ಲ್ಯಾಪ್‌ಟಾಪ್ ಹಿಡ್ಕೊಂಡು ಕೌಂಟರ್ ಹತ್ರ ಬಂದು "ಸರ್, ನೀವು ಹಾಕಿರೋ ಸ್ಕಾಲರ್‌ಶಿಪ್ ನೋಟಿಸ್ ಓದ್ತಾನೇ ಇಲ್ಲ, ಕೊನೆ ದಿನ ಯಾವತ್ತು ಅಂತ ಸ್ವಲ್ಪ ಹೇಳ್ತೀರಾ" ಅಂದ್ಲು. ಅಕ್ಷರ ಎಲ್ಲಾ ಚೆನ್ನಾಗೇ ಕಾಣ್ತಿದೆಯಲ್ಲಮ್ಮ ಅಂದೆ. ಅವಳು ಇಯರ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಲು.

ಆ ನೋಟಿಸ್ ನಾನು ಹಳೇ ನುಡಿ ಫಾಂಟಲ್ಲಿ ಮಾಡಿದ್ದೆ, ಕನ್ನಡ ಅಕ್ಷರನ ಕನ್ನಡ ಅಂತಲೇ ಕಂಪ್ಯೂಟರ್ ಗುರುತು ಹಿಡಿಯೋ ಯೂನಿಕೋಡಲ್ಲಿ ಅಲ್ಲ. ಕಣ್ಣಿಗೆ ಅದು ಕನ್ನಡ, ಆದ್ರೆ ಒಳಗಡೆ ಕಂಪ್ಯೂಟರ್ ಇಟ್ಕೊಂಡಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅವಳು 'ಕನ್ನಡ' ಅನ್ನೋ ಪದದ ಮೇಲೆ ಬಾಣದ ಕೀ ಒತ್ತಿ ಒಂದೊಂದೇ ಅಕ್ಷರ ಕೇಳಿಸಿದ್ಲು: ಪಿ, ಎ ಗ್ರೇವ್ (ಮೇಲೆ ಗೀರಿರೋ ಎ), ಪೌಂಡ್, ಮತ್ತೆ ಎ ಗ್ರೇವ್. ಎರಡು ಪುಟ ಪೂರ್ತಿ ಹೀಗೇ. ಇನ್ನೊಂದು ಆದೇಶ ಸ್ಕ್ಯಾನ್ ಮಾಡಿ ಹಾಕಿದ್ದೆ, ಅದರಲ್ಲಿ ಇಷ್ಟೂ ಇಲ್ಲ, ಬರೀ ಚಿತ್ರ, ಸಾಫ್ಟ್‌ವೇರ್ ಸುಮ್ನೆ ಕೂತಿತ್ತು. ವರ್ಷಗಟ್ಟಲೆ ನಾನು ಹಾಕಿದ ಕಾಗದ ಎಲ್ಲಾ ಇವಳಂಥ ಮಕ್ಕಳಿಗೆ ಖಾಲಿ ಹಾಳೆ ಆಗಿತ್ತಲ್ಲ ಅಂತ ಅವತ್ತು ತುಂಬಾ ಸಂಕಟ ಆಯ್ತು ಸರ್.

ಅವತ್ತು ಸಂಜೆನೇ ಅಂಥದ್ದೇ ಒಂದು ಸ್ಕ್ರೀನ್ ರೀಡರ್, ಎನ್‌ವಿಡಿಎ ಇನ್‌ಸ್ಟಾಲ್ ಮಾಡ್ಕೊಂಡೆ. ಆಸ್ಟ್ರೇಲಿಯಾದ ಮೈಕಲ್ ಕರನ್, ಅವರಿಗೂ ಕಣ್ಣು ಕಾಣ್ಸಲ್ಲ, ಸ್ಕ್ರೀನ್ ರೀಡರಿಗೆ ಅಷ್ಟೊಂದು ದುಡ್ಡು ಯಾಕೆ ಕೊಡ್ಬೇಕು ಅಂತ 2006ರಲ್ಲಿ ಶುರು ಮಾಡಿದ್ದು ಇದು, ಇವತ್ತಿಗೂ ಫ್ರೀ. ಅದರ ಜೊತೆಗೇ ಬರೋ ಇ-ಸ್ಪೀಕ್ ಅನ್ನೋ ಮಾತಾಡೋ ಸಾಫ್ಟ್‌ವೇರಲ್ಲಿ ಕನ್ನಡ ಧ್ವನಿನೂ ಇದೆ, ಸ್ವಲ್ಪ ಯಂತ್ರದ ಥರ ಇದ್ರೂ ಕಿವಿ ಬೇಗ ಒಗ್ಗುತ್ತೆ. ಕಲಿಯೋಕೆ ಕೂತ ಮೊದಲ ಹತ್ತು ನಿಮಿಷ ಅದು ನಿಲ್ಲಿಸದೇ ಮಾತಾಡುತ್ತೆ, ಗಾಬರಿ ಆಗುತ್ತೆ, ಅದಕ್ಕೇ ಮೊದಲು ಕಂಟ್ರೋಲ್ ಕೀ ಒತ್ತಿ ಬಾಯಿ ಮುಚ್ಚಿಸೋದು ಕಲೀರಿ. ಆಮೇಲೆ ಇನ್ಸರ್ಟ್ ಜೊತೆ ಕೆಳಗಿನ ಬಾಣ ಒತ್ತಿದ್ರೆ ಪೂರ್ತಿ ಓದುತ್ತೆ, ಎಚ್ ಒತ್ತಿದ್ರೆ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾರುತ್ತೆ, ಟ್ಯಾಬ್ ಒತ್ತಿದ್ರೆ ಲಿಂಕು, ಬಟನ್ನು, ಫಾರ್ಮಿನ ಖಾನೆಗಳ ಮೇಲೆ ಹೋಗುತ್ತೆ. ಇಷ್ಟು ಬಂದ್ರೆ ಮೌಸ್ ಪಕ್ಕಕ್ಕಿಟ್ಟು, ಮಾನಿಟರ್ ಆಫ್ ಮಾಡಿ, ನೀವೇ ಮಾಡಿರೋ ಪುಟದಲ್ಲಿ ಒಂದು ಕೆಲಸ ಮುಗಿಸೋಕೆ ನೋಡಿ.

ನಾನು ನಮ್ಮದೇ ಅಡ್ಮಿಷನ್ ಫಾರ್ಮ್ ತುಂಬೋಕೆ ಕೂತೆ. ಎಚ್ ಒತ್ತಿದ್ರೆ ಮುಂದೆ ಯಾವ ತಲೆಬರಹನೂ ಇಲ್ಲ ಅಂತು, ಯಾಕಂದ್ರೆ ನಾವು ದಪ್ಪ ಅಕ್ಷರ ಮಾಡಿದ್ವಿ ಅಷ್ಟೇ, ಹೆಡಿಂಗ್ ಅಂತ ಗುರುತು ಹಾಕಿರ್ಲಿಲ್ಲ. ಇನ್ಸರ್ಟ್ ಎಫ್7 ಒತ್ತಿ ಲಿಂಕುಗಳ ಪಟ್ಟಿ ತೆಗೆದ್ರೆ 'ಇಲ್ಲಿ ಕ್ಲಿಕ್ ಮಾಡಿ', 'ಇಲ್ಲಿ ಕ್ಲಿಕ್ ಮಾಡಿ', 'ಇಲ್ಲಿ ಕ್ಲಿಕ್ ಮಾಡಿ', ಯಾವುದು ಫೀಸಿಂದು ಯಾವುದು ಹಾಸ್ಟೆಲಿಂದು ಅಂತ ಯಾರಿಗೆ ಗೊತ್ತಾಗ್ಬೇಕು. ಫಾರ್ಮಿನ ಖಾನೆಗೆ ಹೋದ್ರೆ 'ಎಡಿಟ್, ಬ್ಲ್ಯಾಂಕ್' ಅಂತ ಮಾತ್ರ, ಅಲ್ಲಿ ಅಪ್ಪನ ಹೆಸರು ಬರೀಬೇಕೋ ಆದಾಯ ಬರೀಬೇಕೋ ಹೇಳಲ್ಲ, ಯಾಕಂದ್ರೆ ಖಾನೆಯ ಹೆಸರನ್ನ ಅದರ ಪಕ್ಕ ಬರೆದಿದ್ದಾರೆ ಅಷ್ಟೇ, ಕೋಡಲ್ಲಿ ಖಾನೆಗೆ ಜೋಡಿಸಿಲ್ಲ. ಕೊನೆಗೆ ಕ್ಯಾಪ್ಚಾ ಬಂತು, ಅಂದ್ರೆ ನಾವು ಮನುಷ್ಯರೇ ಅಂತ ತೋರಿಸೋಕೆ ಚಿತ್ರದಲ್ಲಿರೋ ಅಕ್ಷರ ನೋಡಿ ಬರೆಯೋದು, ಅದಕ್ಕೆ ಆಡಿಯೋನೂ ಇಲ್ಲ. ಅಲ್ಲಿಗೆ ನನ್ನ ಅರ್ಜಿ ನಿಂತೋಯ್ತು.

ಪುಟದಲ್ಲಿರೋ ಇಂಥ ತಪ್ಪು ಹುಡುಕೋ ಸಾಫ್ಟ್‌ವೇರ್ ಇದೆಯಲ್ಲ, ಅದನ್ನ ಓಡಿಸಿದ್ರೆ ಸಾಕು ಅಂತ ನಮ್ಮ ವೆಬ್‌ಸೈಟ್ ಮಾಡಿಕೊಟ್ಟವರು ವಾದ ಮಾಡಿದ್ರು. ಓಡಿಸ್ಲಿ, ಬೇಡ ಅನ್ನಲ್ಲ, ಆದ್ರೆ ಚಿತ್ರಕ್ಕೆ ವಿವರಣೆ ಇದೆಯೋ ಇಲ್ವೋ ಅಂತ ಅದು ಹೇಳುತ್ತೆ, ಆ ವಿವರಣೆ 'ಫೋಟೋ 1' ಅಂತ ಇದ್ರೂ ಪಾಸ್ ಮಾಡಿಬಿಡುತ್ತೆ. ಕಿವಿ ಪಾಸ್ ಮಾಡಲ್ಲ. ಹಾಗಂತ ನಾನು ಒಂದು ವಾರ ಕಲಿತದ್ದೇ ಸಾಲ್ತು ಅಂತನೂ ಅಲ್ಲ. ಆ ಹುಡುಗಿ ಕೇಳೋ ವೇಗದಲ್ಲಿ ನನಗೆ ಒಂದು ಪದನೂ ಅರ್ಥ ಆಗಲ್ಲ, ದಿನಾ ಬಳಸೋರಿಗೆ ಗೊತ್ತಿರೋ ಒಳದಾರಿಗಳು ನಮಗೆ ಗೊತ್ತಿರಲ್ಲ, ಹಾಗಾಗಿ ಕೊನೇ ಪರೀಕ್ಷೆ ಅವರ ಕೈಯಲ್ಲೇ ಆಗ್ಬೇಕು, ಮತ್ತೆ ಆ ಕೆಲಸಕ್ಕೆ ಅವರಿಗೆ ದುಡ್ಡು ಕೊಡ್ಬೇಕು.

ಡಾಕ್ಯುಮೆಂಟ್ ವಿಷಯ ಇನ್ನೂ ಸುಲಭ. ಯೂನಿಕೋಡಲ್ಲಿ ಟೈಪ್ ಮಾಡಿ, ವರ್ಡಲ್ಲಿ ಹೆಡಿಂಗ್ ಸ್ಟೈಲ್ ಹಾಕಿ, ಟೈಮ್‌ಟೇಬಲನ್ನ ಸ್ಪೇಸ್ ಒತ್ತಿ ಒತ್ತಿ ಜೋಡಿಸ್ಬೇಡಿ, ನಿಜವಾದ ಟೇಬಲ್ ಮಾಡಿ ಮೇಲಿನ ಸಾಲನ್ನ ಹೆಡರ್ ಅಂತ ಗುರುತು ಮಾಡಿ. ಪಿಡಿಎಫ್ ಮಾಡುವಾಗ ಪ್ರಿಂಟ್ ಕೊಟ್ಟು ಮಾಡ್ಬೇಡಿ, ಸೇವ್ ಆ್ಯಸಲ್ಲಿ ಹೋಗಿ ಮಾಡಿ, ಇಲ್ಲಾಂದ್ರೆ ಹಾಕಿದ ಗುರುತೆಲ್ಲಾ ಹೋಗಿಬಿಡುತ್ತೆ. ನಾನು ಹೀಗೆ ಮಾಡಿದ ಮೊದಲ ಪರೀಕ್ಷಾ ವೇಳಾಪಟ್ಟಿಲಿ ಅವಳು ಒಂದೊಂದೇ ಖಾನೆ ದಾಟ್ತಾ ದಿನಾಂಕ, ವಿಷಯ, ಸಮಯ ತಾನೇ ಓದ್ಕೊಂಡ್ಲು, ಯಾರನ್ನೂ ಕೇಳ್ಲಿಲ್ಲ.

ಇದು ದಯೆ ದಾಕ್ಷಿಣ್ಯದ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಕೆವೈಸಿ (ಬ್ಯಾಂಕು ಮೊದಲಾದ ಕಡೆ ಗ್ರಾಹಕರ ಗುರುತು ಖಾತ್ರಿ ಮಾಡೋದು) ಕೇಸಲ್ಲಿ ಡಿಜಿಟಲ್ ಸೌಲಭ್ಯ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಆದ್ರೆ ಟೇಬಲ್ ಮುಂದೆ ಕೂತು ಟೈಪ್ ಮಾಡೋ ನಮ್ಮಂಥೋರಿಗೆ ಇದನ್ನ ಯಾರೂ ಕಲಿಸಿಲ್ಲ. ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆಯಲ್ಲ, ಅದಕ್ಕೆ ತಯಾರಿ ಮಾಡುವಾಗಲೇ ಅರ್ಧ ದಿನ ಸ್ಕ್ರೀನ್ ರೀಡರಲ್ಲಿ ತಮ್ಮದೇ ಒಂದು ಆದೇಶ ಕೇಳಿಸ್ಲಿ. ನಿಮ್ಮಲ್ಲೂ ಒಂದು ವಿನಂತಿ ಸರ್, ಪತ್ರಿಕೆಯ ವೆಬ್‌ಸೈಟ್ ನೋಡ್ಕೊಳ್ಳೋರು ಒಂದಿನ ಎನ್‌ವಿಡಿಎ ಹಾಕ್ಕೊಂಡು ಮುಖಪುಟ ಕೇಳ್ಲಿ, ಇ-ಪೇಪರ್ ಪುಟ ಬರೀ ಚಿತ್ರವಾಗಿದ್ರೆ ಅದರ ಪಕ್ಕ ಓದೋಕಾಗೋ ಅಕ್ಷರದ ರೂಪನೂ ಕೊಡ್ಲಿ. ಈ ಪತ್ರ ಹಾಕಿದ್ರೆ ಲಿಂಕ್ ಅವಳಿಗೆ ಕಳಿಸ್ತೀನಿ.

ಇಂತಿ,
ಒಬ್ಬ ಕಾಲೇಜು ಗುಮಾಸ್ತ, ದಾವಣಗೆರೆ