ನಿನ್ನ ಹಲ್ಲು ಮುರಿದದ್ದು ಬಿದ್ದು ಅಲ್ಲ

ಪ್ರೀತಿಯ ಪುಟ್ಟಿ,

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಮೆಸೇಜಿನಲ್ಲಿ ಹೇಳಿ ಮುಗಿಸುವ ವಿಷಯವೂ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೋಪ ಇದ್ದರೆ ಇರಲಿ, ಇದೊಂದನ್ನಾದರೂ ಓದಿಬಿಡು. ನಿನ್ನ ಮಗ ಮರಿಗೆ ಜ್ವರದಲ್ಲಿ ಫಿಟ್ಸ್ ಬಂದಾಗ, ಮನೆಯಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಹೀಗೆ ಜ್ವರಕ್ಕೆ ಫಿಟ್ಸ್ ಬಂದಿತ್ತಾ ಅಂತ ಡಾಕ್ಟರ್ ಕೇಳಿದರಂತಲ್ಲ, ನೀನು ಇಲ್ಲ ಅಂದೆಯಂತಲ್ಲ? ಬಂದಿತ್ತು. ನಿನಗೇ ಬಂದಿತ್ತು. ಒಂದಲ್ಲ, ಎರಡು ಸಲ. ಮುಂದಿನ ಸಲ ಹೋದಾಗ ಮರೆಯದೆ ಹೇಳು. ಫೈಲಿನಲ್ಲಿ ಬರೆಸು.

ಉಳಿದದ್ದನ್ನು ಪುರುಸೊತ್ತಾದಾಗ ಓದು.

ಅವತ್ತು ನಾನು ಕೂಗಾಡಿದ್ದು ಜಾಸ್ತಿಯಾಯಿತು ಅಂತ ನಿಮ್ಮಪ್ಪ ಹೇಳುತ್ತಿದ್ದಾರೆ. ಇರಬಹುದು. ಆದರೆ ಮೊಮ್ಮಗ ಆಸ್ಪತ್ರೆಗೆ ಸೇರಿ, ಗುಣವಾಗಿ, ಮನೆಗೆ ಬಂದು, ಮತ್ತೆ ಆಟಕ್ಕೆ ಇಳಿದ ಮೇಲೆ ನನಗೆ ಗೊತ್ತಾಗಬೇಕಾ? ನೀನು ಅಂದ ಮಾತು ಇನ್ನೂ ಕಿವಿಯಲ್ಲೇ ಇದೆ. "ನೀನು ಬಂದಿದ್ದರೆ ಮಗುವನ್ನೂ ನೋಡಿಕೊಂಡು ನಿನ್ನನ್ನೂ ಸಮಾಧಾನ ಮಾಡಬೇಕಿತ್ತು" ಅಂದೆ. ಸುಳ್ಳಾಗಿದ್ದರೆ ನಾನು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ. ಹೋಗಲಿ ಬಿಡು. ಜೋರಾಗಿ ಮಾತಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮಾತಾಡಿದ ವಿಷಯಕ್ಕೆ ಅಲ್ಲ, ಜೋರಿಗೆ ಮಾತ್ರ.

ನಿನಗೆ ಆಗ ಒಂದೂವರೆ ವರ್ಷ, ಈಗ ಮರಿಗೆ ಇರುವಷ್ಟೇ. ಮಧ್ಯಾಹ್ನದಿಂದ ಮೈ ಒಂದಿಷ್ಟು ಬಿಸಿ ಇತ್ತು, ಆದರೆ ಆಟಕ್ಕೇನೂ ಕಮ್ಮಿ ಇರಲಿಲ್ಲ. ನಾನು ಬಟ್ಟೆ ಮಡಚಿ ಮಡಚಿ ಇಡುತ್ತಿದ್ದೆ, ನೀನು ಒಂದೊಂದನ್ನೇ ಎಳೆದು ಹಾಕುತ್ತಿದ್ದೆ. ಬೈದೆ. ಬೈದು ತಿರುಗಿ ನೋಡಿದರೆ ನೀನು ನನ್ನನ್ನು ನೋಡುತ್ತಿಲ್ಲ, ಸೂರು ನೋಡುತ್ತಿದ್ದೀಯ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತ್ತು. ನಿನ್ನ ಕೈಯಲ್ಲಿ ಒಂದು ಕಾಲುಚೀಲ ಇತ್ತು. ಆ ಮುಷ್ಟಿ ಬಿಗಿಯಾಯಿತು, ಮೊಣಕೈ ಅದುರಲು ಶುರುವಾಯಿತು, ಆಮೇಲೆ ಇಡೀ ಮೈ. ಬಾಯಿಯ ಸುತ್ತ ನೀಲಿ. ಹೆಸರು ಹಿಡಿದು ಕೂಗಿದೆ. ಎಲ್ಲಿದ್ದರೂ ನನ್ನ ದನಿ ಕೇಳಿದರೆ ಓಡಿಬರುತ್ತಿದ್ದ ಮಗು, ಮಡಿಲಲ್ಲೇ ಇದ್ದರೂ ಕೇಳಿಸಿಕೊಳ್ಳಲಿಲ್ಲ. ಹೋಯಿತು ಅಂದುಕೊಂಡೆ. ನಿಜವಾಗಲೂ ಹಾಗೇ ಅಂದುಕೊಂಡೆ.

ಅಜ್ಜಿ ಒಳಗಿನಿಂದ ಓಡಿಬಂದಳು. ಬರುವಾಗಲೇ ಕೈಯಲ್ಲಿ ಸ್ಟೀಲ್ ಚಮಚ. ನಾಲಿಗೆ ನುಂಗಿಬಿಡುತ್ತೆ, ತಲೆ ಹಿಡಿದುಕೋ ಅಂದಳು. ನಾನು ಹಿಡಿದುಕೊಂಡೆ. ಅವಳು ಹಲ್ಲಿನ ಸಂದಿಗೆ ಚಮಚ ತುರುಕಿದಳು. ನಿನ್ನ ದವಡೆ ಕಚ್ಚಿಕೊಂಡಿತ್ತು, ಒಳಗೆ ಹೋಗಲಿಲ್ಲ. ಇನ್ನೂ ಜೋರಾಗಿ ಒತ್ತಿದಳು. ಟಕ್ ಅಂತ ಒಂದು ಸಣ್ಣ ಸದ್ದು ಬಂತು. ಚಮಚದ ತುದಿಯಲ್ಲಿ ರಕ್ತ. ನಾನು ಇನ್ನೂ ತಲೆ ಹಿಡಿದುಕೊಂಡೇ ಇದ್ದೆ. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಎಷ್ಟು ಹೊತ್ತು ಬಂದಿತ್ತು ಅಂತ ಆಸ್ಪತ್ರೆಯಲ್ಲಿ ಕೇಳಿದಾಗ ನಿಮ್ಮಪ್ಪ ಎರಡು ನಿಮಿಷ ಅಂದರು, ಅಜ್ಜಿ ಅರ್ಧ ಗಂಟೆ ಅಂದಳು. ನಿಮ್ಮಪ್ಪ ಆಗ ಮನೆಯಲ್ಲೇ ಇರಲಿಲ್ಲ, ಆ ಮಾತು ಬೇರೆ.

ನಿನ್ನ ಮುಂದಿನ ಹಾಲುಹಲ್ಲು ಅರ್ಧ ಮುರಿದದ್ದು ಹಾಗೆ. ಮೆಟ್ಟಿಲಿಂದ ಬಿದ್ದಳು ಅಂತ ಎಲ್ಲರಿಗೂ ಹೇಳಿದೆವು. ನೀನು ದೊಡ್ಡವಳಾದ ಮೇಲೆ ನಿನಗೂ ಅದನ್ನೇ ಹೇಳಿದೆವು. ಆ ಫೋಟೊ ತೋರಿಸಿ, ನಾನು ಎಷ್ಟು ತುಂಟಿ ಅಂದರೆ ಮೆಟ್ಟಿಲಿಂದ ಹಾರಿ ಹಲ್ಲು ಮುರಿದುಕೊಂಡಿದ್ದೆ ಅಂತ ನೀನು ಗಂಡನಿಗೆ ಹೇಳುತ್ತಿದ್ದೆ. ನಾನು ಒಳಗೆ ಏನೋ ಕೆಲಸ ಇದ್ದ ಹಾಗೆ ಎದ್ದು ಹೋಗುತ್ತಿದ್ದೆ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಮೊದಮೊದಲು, ಮಗುವಿಗೆ ಸುಮ್ನೆ ಒಂದು ಹಣೆಪಟ್ಟಿ ಅಂಟುತ್ತದೆ, ಯಾರಿಗೂ ಬೇಡ ಅಂತ ಅಜ್ಜಿ ಅಂದಳು. ಆಮೇಲೆ ಅಜ್ಜಿಗೋಸ್ಕರವೇ ಹೇಳಲಿಲ್ಲ. ಬಾಯಿಗೆ ಏನನ್ನೂ ಹಾಕಬಾರದಿತ್ತು ಅಂತ ಡಾಕ್ಟರ್ ಹೇಳಿದಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ಒಂದು ಮಾತಾಡಲಿಲ್ಲ. ನಿನಗೆ ಔಷಧಿ ಕುಡಿಸಬೇಕಾದರೆ ಅವಳು ತನ್ನ ಬೆರಳಿಗೆ ಹಾಕಿಕೊಂಡು ನೆಕ್ಕಿಸುತ್ತಿದ್ದದ್ದು ನೆನಪಿದೆಯಾ? ಅಜ್ಜಿಯ ಮುದ್ದು ಅಂತ ನೀನು ಈಗಲೂ ಹೇಳುತ್ತೀಯ. ಮುದ್ದೂ ಹೌದು. ಆದರೆ ಆ ಸಂಜೆಯಾದ ಮೇಲೆ ಅವಳು ಚಮಚ ಹಿಡಿದು ನಿನ್ನ ಬಾಯಿಯ ಹತ್ತಿರ ಯಾವತ್ತೂ ಬರಲಿಲ್ಲ. ಊಟ ಕೈಯಿಂದ, ಔಷಧಿ ಬೆರಳಿಂದ. ಅಳತೆ ಸರಿಯಾಗಲ್ಲ ಅಮ್ಮ ಅಂತ ನಾನು ರೇಗುತ್ತಿದ್ದೆ. ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅವಳು ಹೋದ ಮೇಲಾದರೂ ಹೇಳಬಹುದಿತ್ತು ಅನ್ನುತ್ತೀಯ. ಹೋದವಳ ಮೇಲೆ ಚಾಡಿ ಹೇಳಿದ ಹಾಗಾಗುತ್ತಿರಲಿಲ್ವಾ? ನಿನಗೆ ಅಜ್ಜಿ ಅಂದರೆ ಪ್ರಾಣ. ನನಗಿಂತ ಒಂದು ಕೈ ಜಾಸ್ತಿ, ಅದು ನನಗೆ ಗೊತ್ತು. ನಾನು ಮುಚ್ಚಿಟ್ಟದ್ದಕ್ಕೂ ನೀನು ಮುಚ್ಚಿಟ್ಟದ್ದಕ್ಕೂ ವ್ಯತ್ಯಾಸ ಇದೆ ಅಂತ ನಿಮ್ಮಪ್ಪನ ಹತ್ತಿರ ವಾದ ಮಾಡಿದೆ. ಏನು ವ್ಯತ್ಯಾಸ ಅಂತ ಕೇಳಿದರು. ಇದೆ ಅಂದೆ.

ಈ ಜ್ವರದ ಫಿಟ್ಸ್ 6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಿಗೆ ಬರುವಂಥದ್ದು, ಆಮೇಲೆ ತಾನಾಗಿ ನಿಲ್ಲುತ್ತದೆ ಅಂತ ಆಗ ಡಾಕ್ಟರ್ ಹೇಳಿದ್ದರು. ನಾನು ಆ 5ನ್ನು ಹಿಡಿದುಕೊಂಡು ಕೂತೆ. ರಾತ್ರಿ ನಿನ್ನ ಎದೆಯ ಮೇಲೆ ಕೈ ಇಟ್ಟೇ ಮಲಗುತ್ತಿದ್ದೆ, ನೀನು ನಿದ್ದೆಯಲ್ಲಿ ಬೆಚ್ಚಿದರೆ ದೀಪ ಹಾಕುತ್ತಿದ್ದೆ. 5 ತುಂಬಿತು. ನನ್ನ ಭಯಕ್ಕೆ ಮಾತ್ರ ಆ ಲೆಕ್ಕ ಗೊತ್ತಾಗಲಿಲ್ಲ. ಶಾಲೆಯ ಪ್ರವಾಸಕ್ಕೆ ಕಳಿಸದೆ ಇದ್ದದ್ದು, ಸ್ನೇಹಿತೆಯರ ಮನೆಯಲ್ಲಿ ಉಳಿಯಲು ಬಿಡದೆ ಇದ್ದದ್ದು, ನೀನು ಕೆಲಸಕ್ಕೆ ಸೇರಿದ ಮೇಲೂ ನೆಗಡಿ ಅಂದರೆ ಹಣೆ ಮುಟ್ಟಿ ನೋಡುತ್ತಿದ್ದದ್ದು, ಎಲ್ಲದಕ್ಕೂ ಬೇರು ಅಲ್ಲಿದೆ. ನನ್ನನ್ನು ಉಸಿರಾಡೋಕೆ ಬಿಡಲ್ಲ ನೀನು ಅಂತ ಒಂದು ಸಲ ಕಿರುಚಿದ್ದೆ. ಉಸಿರಾಡುತ್ತಿದ್ದೀಯೋ ಇಲ್ಲವೋ ಅಂತ ನೋಡುವುದೇ ನನಗೆ ಕೆಲಸವಾಗಿತ್ತು.

ನೀನು ಏನು ಮಾಡಿದೆ ಅಂತ ಅಳಿಯಂದಿರು ಹೇಳಿದರು. ಮಗುವನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡುತ್ತಾ ಪಕ್ಕದಲ್ಲೇ ಕೂತಿದ್ದೆಯಂತೆ. ಅವರು ಬಾಯಿ ಬಿಡಿಸಲು ಹೋದರೆ, ಕೈ ತೆಗೀರಿ ಅಂತ ಗದರಿಸಿದೆಯಂತೆ. ಎಲ್ಲಿ ಕಲಿತೆ ಪುಟ್ಟಿ ಇದನ್ನೆಲ್ಲ? ಇದನ್ನು ನಾನು ನಾಲ್ಕು ಜನಕ್ಕೆ ಹೇಳಿದ್ದೇನೆ. ಬೈಯಬೇಡ. ನಿನ್ನ ರ್‍ಯಾಂಕಿನ ಬಗ್ಗೆ ಕೂಡ ಇಷ್ಟು ಹೇಳಿಕೊಂಡಿರಲಿಲ್ಲ.

ಉಪದೇಶ ಮಾಡಲ್ಲ ಅಂತ ನಿಮ್ಮಪ್ಪನಿಗೆ ಮಾತು ಕೊಟ್ಟು ಬರೆಯಲು ಕೂತಿದ್ದೇನೆ. ಆದರೂ ನಾಲ್ಕು ಮಾತು. ಒಂದು ಸಲ ಬಂದ ಮಕ್ಕಳಲ್ಲಿ ಸುಮಾರು 3ರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. ತಂದೆಗೋ ತಾಯಿಗೋ ಬಂದಿದ್ದರೆ ಆ ಸಾಧ್ಯತೆ ಇನ್ನೂ ಹೆಚ್ಚು. ಅದಕ್ಕೇ ಡಾಕ್ಟರ್ ಆ ಪ್ರಶ್ನೆ ಕೇಳಿದ್ದು. ಜ್ವರದ ಔಷಧಿ ಕೊಟ್ಟರೆ ಮೈ ಹಗುರಾಗುತ್ತದೆ, ಮಗು ಗೆಲುವಾಗುತ್ತದೆ, ಆದರೆ ಫಿಟ್ಸ್ ತಡೆಯುತ್ತದೆ ಅಂತ ಖಾತ್ರಿ ಇಲ್ಲ. ಎಷ್ಟೋ ಸಲ ಫಿಟ್ಸ್ ಬಂದ ಮೇಲೇ ಜ್ವರ ಇದೆ ಅಂತ ಗೊತ್ತಾಗುವುದು. ಅಂದರೆ ನೀನು ಹತ್ತು ನಿಮಿಷ ಮೊದಲು ಥರ್ಮಾಮೀಟರ್ ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಅಂತ ರಾತ್ರಿಯೆಲ್ಲ ಕೂತು ಕೊರಗಬೇಡ. ಕೊರಗುತ್ತಿದ್ದೀಯ, ನನಗೆ ಗೊತ್ತು. ಫಿಟ್ಸ್ 5 ನಿಮಿಷ ದಾಟಿದರೆ ಮಾತ್ರ ಕಾಯಬೇಡ, ಆಂಬುಲೆನ್ಸ್ ಕರೆಸು. ಬಟ್ಟೆ ಸಡಿಲ ಮಾಡು, ಕೈಕಾಲು ಗಟ್ಟಿಯಾಗಿ ಹಿಡಿಯಬೇಡ, ತಣ್ಣೀರು ಸುರಿಯಬೇಡ, ಪೂರ್ತಿ ಎಚ್ಚರವಾಗುವವರೆಗೆ ಕುಡಿಯಲು ಏನೂ ಕೊಡಬೇಡ. ಇದೆಲ್ಲ ನಿನಗೆ ಗೊತ್ತಿದೆ. ನಾನು ನಿನಗೆ ಹೇಳುತ್ತಿದ್ದೇನೋ ನನಗೇ ಹೇಳಿಕೊಳ್ಳುತ್ತಿದ್ದೇನೋ. ಮಗುವನ್ನು ನೋಡಿಕೊಳ್ಳುವವರಿಗೂ ಹೇಳಿಕೊಡು. ಬರೆದು ಗೋಡೆಗೆ ಅಂಟಿಸು.

ಮುಂದೆ ಹೀಗಾದರೆ ನನಗೆ ಆಗಲೇ ಹೇಳು. ನಾನು ಅಳುತ್ತೇನೆ. ಇಷ್ಟು ವಯಸ್ಸಾದ ಮೇಲೆ ಅದನ್ನು ಬಿಡಿಸಲು ಆಗಲ್ಲ. ಅಳಲಿ ಅಂತ ಫೋನನ್ನು ಪಕ್ಕಕ್ಕಿಟ್ಟು ನಿನ್ನ ಕೆಲಸ ನೋಡಿಕೋ. ಸಮಾಧಾನ ಮಾಡಲು ಇಲ್ಲಿ ನಿಮ್ಮಪ್ಪ ಇದ್ದಾರೆ, ಅವರಿಗೂ ಬೇರೆ ಕೆಲಸ ಇಲ್ಲ.

ಇನ್ನೊಂದು. ನಿಮ್ಮತ್ತೆಯವರನ್ನೂ ಒಂದು ಮಾತು ಕೇಳಿ ನೋಡು. ಅಳಿಯಂದಿರಿಗೂ ಚಿಕ್ಕಂದಿನಲ್ಲಿ ಬಂದಿತ್ತೋ ಏನೋ, ಅವರಿಗಂತೂ ಗೊತ್ತಿರುವುದಿಲ್ಲ. ಆದರೆ ನೇರವಾಗಿ ಕೇಳಬೇಡ. ನಿಮ್ಮ ಮಗನಿಗೆ ಫಿಟ್ಸ್ ಬಂದಿತ್ತಾ ಅಂದರೆ ಇಲ್ಲಮ್ಮ, ಅಂಥದ್ದೇನೂ ಇಲ್ಲ ಅಂತಾರೆ. ನಾನಾದರೂ ಹಾಗೇ ಅನ್ನುತ್ತಿದ್ದೆ. ಮೊದಲು ನಿನ್ನ ಹಲ್ಲಿನ ಕಥೆ ಹೇಳು, ಆಮೇಲೆ ಸುಮ್ಮನೆ ಕೂತಿರು. ಅವರೇ ಶುರು ಮಾಡುತ್ತಾರೆ.

ನಿನ್ನ ಅಮ್ಮ